ಚಿಗವ್ವ ಬಸ್ಸು ಹತ್ತಿದಳು

ಅವ್ವಾ,

ಇವತ್ತು ಕೋಸಗಿ ಸ್ಟೇಷನ್ ಹತ್ತಿರ ಹೆಂಗಸರ ಕ್ಯಾನ್ಸರ್ ತಪಾಸಣೆಯ ಬಸ್ಸು ಬಂದಿತ್ತು. ನೋವೇ ಇಲ್ಲದೆ ಡಾಕ್ಟರ ಹತ್ತಿರ ಯಾಕೆ ಹೋಗಬೇಕೆಂದು ಎಲ್ಲರೂ ಬೇವಿನ ನೆರಳಲ್ಲೇ ನಿಂತಿದ್ದರು. ನಿನ್ನ ತಂಗಿ, ನನ್ನ ಚಿಗವ್ವ ಸುಭದ್ರಮ್ಮ ಸೆರಗು ಬಿಗಿದಳು.

"ನಮ್ಮಕ್ಕ ನಾಚಿಕಿಗೆ ಬ್ಯಾನಿ ಮುಚ್ಚಿಟ್ಕೊಂಡು ಸತ್ತೇ ಹೋದ್ಲು. ನಾ ತೋರಿಸ್ಕೊಂತೀನಿ, ನೀವೂ ಬರ್ರವ್ವ" ಎಂದು ಮೊದಲು ಹತ್ತಿದಳು.

ಆಕೆಯ ಗರ್ಭಕೋಶದ ಬಾಯಲ್ಲಿ ಸಣ್ಣ ಕಲೆ ಕಂಡಿತು. "ಇದಿನ್ನಾ ಕ್ಯಾನ್ಸರ್ ಆಗಿಲ್ಲಮ್ಮ, ಮುಂಚೇನೇ ಸಿಕ್ಕೈತಿ" ಎಂದ ಡಾಕ್ಟರಮ್ಮ ಅಲ್ಲೇ ಅದನ್ನು ಸುಟ್ಟು ತೆಗೆದರು.

ಇಳಿದು ಬಂದವಳೇ ಚಿಗವ್ವ, "ಹಸಿವಾಗೈತಿ, ಮಂಡಕ್ಕಿ ಒಗ್ಗಾಣಿ ಕೊಡ್ಸೆ" ಎಂದಳು. ಅಷ್ಟರಲ್ಲಿ ಬಸ್ಸಿನ ಮುಂದೆ ಸಾಲು ಬೆಳೆದಿತ್ತು. ಹೋಟೆಲಿನಲ್ಲಿ ಕೂತು ಅದನ್ನು ನೋಡುತ್ತ ಆಕೆ ನಕ್ಕಳು. ನಗುವಾಗ ಆಕೆಯ ಮುಖ ಥೇಟ್ ನಿನ್ನದೇ.

ಎದ್ದು ಹೋಗಲು ಮನಸ್ಸಾಗದೆ ಇನ್ನೊಂದು ಪ್ಲೇಟು ತರಿಸಿದೆ.

ನಿನ್ನ ಸುಜಾತಾ