ಫ್ರೀಸ್‌ಲ್ಯಾಂಡ್ ಹಡಗಿನ ಮೂರು ದಿನ

3 ಫೆಬ್ರವರಿ 2025, ಸೋಮವಾರ. ಸಂಜೆ 6

ಇವತ್ತೂ ಹಡಗು. ಗಾಳಿ ನಾಲ್ಕು, ಮೋಡ ಆರು, ವಾಯುಭಾರ ಏಳುನೂರ ಐವತ್ತೊಂಬತ್ತು. ಆಳಂದ ಬಸ್‌ಸ್ಟ್ಯಾಂಡಿನ ಹಿಂದೆ, ತೊಗರಿ ಅಡತಿ ಅಂಗಡಿಯ ಮೇಲಿನ ಮಹಡಿಯಲ್ಲಿ ಕೂತು, ಹಡಗುಗಳ ಹಳೆ ದಿನಚರಿ ಪುಸ್ತಕ ನೋಡಿ, ನೂರಿಪ್ಪತ್ತು ವರ್ಷದ ಹಿಂದಿನ ಜಾವಾ ಸಮುದ್ರದ ಹವೆಯನ್ನು ಕಂಪ್ಯೂಟರಿಗೆ ಏರಿಸುವುದು. ಡಚ್ ನೌಕಾಪಡೆಯ ಕ್ರೂಸರ್‌ಗಳು, ಹಾಲೆಂಡ್ ವರ್ಗ. ಹೆಚ್ಚುಕಮ್ಮಿ ಒಂದೇ ಅಚ್ಚಿನ ಆರು ಹಡಗು, ಆರಕ್ಕೂ ಅವರ ಪ್ರಾಂತಗಳ ಹೆಸರು. ನನ್ನ ಪಾಲಿಗೆ ಫ್ರೀಸ್‌ಲ್ಯಾಂಡ್. ಡಚ್ ಬರುವುದಿಲ್ಲ. ಅಂಕಿಗೆ ಭಾಷೆ ಯಾಕೆ? ಹವಾಮಾನದ ವಿಜ್ಞಾನಿಗಳಿಗೆ ಬೇಕಂತೆ. ಸಮುದ್ರ ನಾನು ನೋಡಿಲ್ಲ. ನೋಡುವ ಆಸೆಯೂ ಇಲ್ಲ.

ನನ್ನ ಪಾಸ್‌ವರ್ಡ್ ಮೂರು ಸಲ ತಪ್ಪಿ ಲಾಕ್ ಆಯಿತು. ಪಕ್ಕದ ಕುರ್ಚಿಯ ದ್ರೌಪದಿ ತನ್ನದು ಕೊಟ್ಟು ಮಧ್ಯಾಹ್ನವೇ ಕಡಗಂಚಿಗೆ ಹೋದಳು. ಅಲ್ಲಿನ ಯುನಿವರ್ಸಿಟಿ ಲೈಬ್ರರಿಯ ಕೆಲಸಕ್ಕೆ ಅರ್ಜಿ. ಒಳ್ಳೆ ಹುಡುಗಿ.

ಫ್ರೀಸ್‌ಲ್ಯಾಂಡಿನಲ್ಲಿ ಮೂರು ದಿನ ಖಾಲಿ. ಬರೆಯುವವನಿಗೆ ಏನು ರೋಗ? ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಪಹಣಿ ಬರೆದವನು ನಾನು, ಒಂದು ಕಾಲಂ ಖಾಲಿ ಬಿಟ್ಟವನಲ್ಲ. ಹೊಲದಲ್ಲಿ ಏನಿದೆ ಅಂತ ಗೊತ್ತಿಲ್ಲವೋ, ಹೋದ ವರ್ಷದ್ದೇ — ಮೇಲಿನಂತೆ. ಇಲ್ಲೂ ಮೇಲಿನ ಅಂಕಿಗಳನ್ನೇ ಇಳಿಸಿದೆ.

12 ಫೆಬ್ರವರಿ, ಬುಧವಾರ

ಕೆಲಸ ಕೊಟ್ಟವರಿಂದ ಮೇಲ್ ಬಂದಿದೆ. ಅದೇ ಮೂರು ದಿನ, ಅದೇ ದಾರಿಯಲ್ಲಿದ್ದ ಉಟ್ರೆಕ್ಟ್ ಹಡಗಿನಲ್ಲಿ ಭಾರಿ ಬಿರುಗಾಳಿ ದಾಖಲಾಗಿದೆ. ಫ್ರೀಸ್‌ಲ್ಯಾಂಡಿನಲ್ಲಿ ಮಾತ್ರ ತಣ್ಣಗೆ ಗಾಳಿ ನಾಲ್ಕು. ಮೂಲ ಪುಸ್ತಕದಲ್ಲಿ ಇಲ್ಲದ್ದನ್ನು ಬರೆದವರು ಯಾರು ಅಂತ ಕೇಳಿದ್ದಾರೆ. ಪಾಪ, ಅಲ್ಲಿ ಬರೆಯುವವನು ಏನಾದರೂ ಹಿಡಿದುಕೊಂಡು ಜೀವ ಉಳಿಸಿಕೊಳ್ಳುತ್ತಿದ್ದನೇನೋ. ನನಗೇನು ಗೊತ್ತು…

ಲಾಗಿನ್ ದ್ರೌಪದಿಯದು. ಮಾಲೀಕ ಜಗದೇವ ಅವಳನ್ನು ಎಲ್ಲರೆದುರು ನಿಲ್ಲಿಸಿ ಬೈದ. ಅವಳು ನನ್ನ ಕಡೆ ಒಮ್ಮೆ ನೋಡಿದಳು. ನಾನು ಕನ್ನಡಕ ಒರೆಸುತ್ತಾ ಕೂತೆ.

13 ಫೆಬ್ರವರಿ

ಜಗದೇವ ದ್ರೌಪದಿಯನ್ನು ಕೆಲಸದಿಂದ ತೆಗೆದ. ಎರಡು ವರ್ಷ ದುಡಿದದ್ದಕ್ಕೆ ಅನುಭವ ಪತ್ರವನ್ನೂ ಕೊಡುವುದಿಲ್ಲವಂತೆ. ಅದಿಲ್ಲದೆ ಕಡಗಂಚಿಯಲ್ಲಿ ಅವಳನ್ನು ಇಂಟರ್‌ವ್ಯೂಗೆ ಒಳಗೇ ಬಿಡುವುದಿಲ್ಲ. 21ಕ್ಕೆ ಇಂಟರ್‌ವ್ಯೂ.

ಮಾಡಿದ್ದುಣ್ಣೋ ಮಹಾರಾಯ ಅಂತಾರೆ. ಮಾಡಿದ್ದು ನಾನು, ಉಣ್ಣುವವಳು ಅವಳು. ನಾಳೆ ಜಗದೇವನಿಗೆ ಹೇಳಿಬಿಡುತ್ತೇನೆ.

20 ಫೆಬ್ರವರಿ, ಗುರುವಾರ

ನಾಳೆ, ನಾಳೆ ಅಂತ ವಾರ ಹೋಯಿತು. ಜಗದೇವನ ಮುಂದೆ ಬಾಯಿ ಬರಲಿಲ್ಲ. ಬೆಳಿಗ್ಗೆ ಬಸ್ ಹಿಡಿದು ಕಿಣ್ಣಿ ಸುಲ್ತಾನಕ್ಕೆ, ದ್ರೌಪದಿಯ ಮನೆಗೆ ಹೋದೆ. ತೊಗರಿ ಹಸನು ಮಾಡುತ್ತಿದ್ದಳು. ಅವಳ ತಾಯಿ ರಮಾಬಾಯಿ ಚಾಪೆ ಹಾಸಿದಳು. ಮಗಳಿಗೆ ಕೆಲಸ ಕಲಿಸಿದ ದೊಡ್ಡವರು ಅಂತ ಕೈ ಮುಗಿದಳು. ಚಪ್ಪಲಿ ತಗೊಂಡು ಹೊಡೆದಿದ್ದರೆ ಇದಕ್ಕಿಂತ ವಾಸಿಯಿತ್ತು.

ತಾಯಿ ಒಳಗೆ ಹೋದ ಮೇಲೆ, ತಪ್ಪು ನನ್ನದು ಅಂದೆ.

"ಗೊತ್ತದರಿ ಕಾಕಾ. ನೀವೇ ಹೇಳ್ತೀರಿ ಅಂತ ಮಾಡಿದ್ದೆ. ಅದಕ್ಕ ಬಾಯಿ ಬಿಡಲಿಲ್ಲ."

ಅವತ್ತೇ ನನ್ನ ಹೆಸರು ಹೇಳಬೇಕಿತ್ತು ಅಂದೆ. ಅವಳ ಮೇಲೇ ಸಿಟ್ಟು ಬಂತು — ನಾಚಿಕೆಗೆಟ್ಟ ಸಿಟ್ಟು.

"ಈ ವಯಸ್ಸಿನಾಗ ನಿಮ್ಮನ್ನ ಹಂಗ ಮಂದಿ ಮುಂದ ನಿಂದ್ರಸ್ತಾರಂತ ಸುಮ್ಮನಾದೆರಿ. ಈಗ ನನಗ ಹೇಳಿ ಏನ್ ಉಪಯೋಗ? ಸಾಹೇಬ್ರಿಗೆ ಹೇಳ್ರಿ. ನಾಳೆ ಹತ್ತಕ್ಕ ನಾ ಅಲ್ಲಿ ಇರಬೇಕು."

ಆಫೀಸ್ ತೆರೆಯುತ್ತಲೇ ಹೇಳುತ್ತೇನೆಂದು ಮಾತು ಕೊಟ್ಟು ಬಂದೆ.

21 ಫೆಬ್ರವರಿ, ಶುಕ್ರವಾರ. ಬೆಳಿಗ್ಗೆ 9.50, ಆಫೀಸ್

ಒಂಬತ್ತಕ್ಕೇ ಬಂದೆ. ನಾನು ಬಾಯಿ ತೆರೆಯುವುದರೊಳಗೆ ಜಗದೇವ ಚಹಾ ತರಿಸಿದ.

"ಸಿದ್ದಲಿಂಗ ಕಾಕಾ, ನಿಮ್ಮ ಹೆಸರಿನ ಮ್ಯಾಲ ಒಂದೂ ತಪ್ಪಿಲ್ಲ ನೋಡ್ರಿ. ಇವತ್ತಿಂದ ಚೆಕಿಂಗ್ ನಿಮ್ಮದು."

ಚಹಾ ಕುಡಿದೆ. ಒಂದು ಹಾಳೆ ಮುಂದಿಟ್ಟ. ಕೆಲಸ ಕೊಟ್ಟವರಿಗೆ ಹೋಗುವ ವರದಿ. ತಪ್ಪು ಮಾಡಿದವರು — ದ್ರೌಪದಿ. ಕೆಳಗೆ ಪರಿಶೀಲಿಸಿದವರ ಸಹಿ ಬೇಕಂತೆ.

ಹಾಕಿದೆ. ಥೂ.

10.05

ದ್ರೌಪದಿಯ ಫೋನ್. ಕಡಗಂಚಿಯಿಂದ. ಅನುಭವ ಪತ್ರದ ಫೋಟೋ ವಾಟ್ಸಾಪ್‌ನಲ್ಲಿ ಬಂದರೂ ನಡೆಯುತ್ತದಂತೆ, ಕೇಳಿಕೊಂಡಿದ್ದಾಳೆ. ಅವಳ ಹೆಸರು ನಾಲ್ಕನೆಯದು.

"ಸಾಹೇಬ್ರು ಪತ್ರ ಬರ್ಯಾಕತ್ತಾರೇನ್ರಿ ಕಾಕಾ?"

ಹೂಂ ಅಂದೆ.

ಜಗದೇವ ಒಳಗೇ ಇದ್ದಾನೆ. ಹಾಳೆಯೂ ಅವನ ಮೇಜಿನ ಮೇಲೇ ಇದೆ. ಎದ್ದರೆ ಹತ್ತು ಹೆಜ್ಜೆ. ನಾನಿಲ್ಲಿ ಕೂತು ಇದನ್ನು ಬರೆಯುತ್ತಾ… ಸಾಕು, ಉಳಿದದ್ದು ಖಾಲಿ ಇರಲಿ, ಎದ್ದೆ.