ಬಾಗಿಲ ಮುಂದೆ ಮಂಡಿಯೂರಿದ್ದವನಿಗೆ ಬಿದ್ದ ಗುಂಡು

ಮಾನ್ಯ ಪೊಲೀಸ್ ಮುಖ್ಯಸ್ಥರೇ,

ನಿಮ್ಮ ಅಧಿಕಾರಿಯೊಬ್ಬರು ನನ್ನ ತಮ್ಮನನ್ನು ಗುಂಡಿಟ್ಟು ಕೊಂದು ಏಳು ತಿಂಗಳಾಯಿತು. ಆತ್ಮರಕ್ಷಣೆಗಾಗಿ ಎನ್ನುತ್ತದೆ ನಿಮ್ಮ ವರದಿ. ಗುಂಡು ಹೊಕ್ಕಿದ್ದು ಬೆನ್ನಿಗೆ ಎನ್ನುತ್ತದೆ ಮರಣೋತ್ತರ ಪರೀಕ್ಷೆಯ ವರದಿ. ಎರಡೂ ಕಾಗದಗಳ ಮೇಲೆ ಸರ್ಕಾರದ ಮೊಹರೇ ಇದೆ. ಬೆನ್ನು ಮಾಡಿ ಮಂಡಿಯೂರಿದ್ದವನಿಂದ ಪಿಸ್ತೂಲು ಹಿಡಿದವರಿಗೆ ಬಂದೊದಗಿದ ಅಪಾಯ ಯಾವುದು? ನನ್ನಂಥ ದಡ್ಡಿಗೂ ತಿಳಿಯುವ ಹಾಗೆ ಯಾರಾದರೂ ಬಿಡಿಸಿ ಹೇಳುವಿರಾ?

ನಮ್ಮದು ಬೀಗ ರಿಪೇರಿ ಅಂಗಡಿ. ಅಪ್ಪನ ನಂತರ ನಾನೂ ತಮ್ಮನೂ ನಡೆಸುತ್ತಿದ್ದೆವು. ಅಂದು ಬೆಳಗ್ಗೆ ಹನ್ನೊಂದಕ್ಕೆ ನಿವೃತ್ತ ಟೀಚರೊಬ್ಬರು ಫೋನ್ ಮಾಡಿ, ಬೀಗದ ಕೈ ಒಳಗೇ ಬಿಟ್ಟು ಬಾಗಿಲೆಳೆದುಬಿಟ್ಟೆ ಎಂದರು. ತಮ್ಮ ಹೋದ. ಮೂರನೇ ಮಹಡಿ. ಅವನು ಕೆಲಸಕ್ಕೆ ಕೂತ ಮೇಲೆ ಟೀಚರು ಮಂಡಿನೋವೆಂದು ಕೆಳಗಿನ ಮನೆಯಲ್ಲಿ ಕುರ್ಚಿ ಕೇಳಿ ಕೂತರು. ಎದುರು ಮನೆಯವರು ಬಾಗಿಲ ಕಿಂಡಿಯಲ್ಲಿ ಅವನನ್ನು ಕಂಡು, ಕಳ್ಳನೆಂದುಕೊಂಡು ನಿಮ್ಮವರಿಗೆ ತಿಳಿಸಿದರು. ಅವರನ್ನು ನಾನು ದೂರುವುದಿಲ್ಲ. ಅವರ ಕೈಯಲ್ಲಿದ್ದದ್ದು ಬರೀ ಫೋನು.

ಈಗ ನನ್ನ ತಪ್ಪು ಹೇಳುತ್ತೇನೆ. ಬೀಗದೊಳಗಿನ ಸಣ್ಣ ಕಡ್ಡಿಗಳು ಒಂದೊಂದಾಗಿ ಕೂರುವ ಸದ್ದು ಕೇಳಬೇಕಾದರೆ ಉಸಿರನ್ನೂ ಜೋರಾಗಿ ಬಿಡುವಂತಿಲ್ಲ. ನಡುವೆ ಕೈ ಅಲುಗಿದರೆ ಮೊದಲಿಂದ ಶುರು. ಅದಕ್ಕೇ ಅವನು ಕೆಲಸ ಕಲಿಯುವಾಗ ನಾನು ತಲೆಗೆ ಮೊಟಕಿ ಹೇಳಿದ್ದೆ: "ಯಾರೇ ಕರೀಲಿ, ತಿರುಗಬೇಡ. ಎಡಗೈ ಎತ್ತು, ಕಾಯ್ತಾರೆ." ಅಮ್ಮ ಊಟಕ್ಕೆ ಕರೆದರೂ ಕೈ ಎತ್ತುವವನೇ. ಟ್ರಾಫಿಕ್ ಪೊಲೀಸ್ ಎಂದು ಮನೆಯಲ್ಲಿ ಗೇಲಿ ಮಾಡುತ್ತಿದ್ದೆವು.

ಅಂದು ನಿಮ್ಮ ಅಧಿಕಾರಿ ಹಿಂದಿನಿಂದ ಒಮ್ಮೆ ಕೂಗಿದರು. ತಮ್ಮ ಎಡಗೈ ಎತ್ತಿದ. ಇನ್ನೊಮ್ಮೆ ಕೂಗುವಷ್ಟು ವ್ಯವಧಾನ ಅವರಿಗಿರಲಿಲ್ಲ. ವರದಿಯಲ್ಲಿ ಇದು 'ಆಯುಧ ಬೀಸಿದ' ಎಂದಾಗಿದೆ. ಬೀಸಿದ ಆಯುಧವೆಂದರೆ ಬೀಗ ತೆರೆಯುವ ಬೆರಳುದ್ದದ ಒಂದು ತಂತಿ. ನಾನು ಹೋಗಿ ನೋಡಿದಾಗಲೂ ಅದು ಬೀಗದಲ್ಲೇ ಸಿಕ್ಕಿಕೊಂಡಿತ್ತು.

"ನನ್ನ ಮನೇನೇ ಅದು, ನಾನೇ ಕರೆಸಿದ್ದು ಅಂತ, ಪೊಲೀಸ್ನೋರು ಮೇಲೆ ಹೋಗಿದ್ದು ನೋಡಿ ಮೆಟ್ಟಿಲು ಹತ್ತುತ್ತಾ ಕೂಗ್ದೆ ಕಣಮ್ಮ. ಈ ಹಾಳು ಕಾಲು ಬೇಗ ಬರಲಿಲ್ಲ," ಎಂದು ಟೀಚರು ನನ್ನ ಕೈ ಹಿಡಿದು ಅತ್ತರು. ಅವರ ಹೇಳಿಕೆಯನ್ನು ಇಂದಿನವರೆಗೆ ಯಾರೂ ಬರೆದುಕೊಂಡಿಲ್ಲ. ಅಧಿಕಾರಿಗೆ ಬೇರೆ ಠಾಣೆಗೆ ವರ್ಗವಾಗಿದೆ, ಅಷ್ಟೆ. ನಾನು ನಿಮ್ಮ ಕಚೇರಿಗೆ ಹದಿನಾಲ್ಕು ಸಲ ಬಂದೆ. ಹದಿನಾಲ್ಕು ಸಲವೂ ತಾವು ಮೀಟಿಂಗಿನಲ್ಲಿದ್ದಿರಿ. ಅಷ್ಟೊಂದು ಚರ್ಚೆಯಾಗುವ ವಿಷಯ ಯಾವುದೋ, ನನ್ನ ತಮ್ಮನದಂತೂ ಇರಲಾರದು.

ತಿರುಗಬೇಡ ಎಂದು ಕಲಿಸಿದವಳು ನಾನೇ ಎಂದು ಅಮ್ಮನ ಮುಂದೆ ನಿಂತು ಒಪ್ಪಿಕೊಂಡೆ. ಅಮ್ಮ ಮೂರು ದಿನ ನನ್ನ ಮುಖ ನೋಡಲಿಲ್ಲ. ಆ ಮೂರು ದಿನ ನಾನು ಹೇಗೆ ಬದುಕಿದೆನೋ ನನಗೇ ಗೊತ್ತು. ನಾಲ್ಕನೇ ದಿನ ಪಕ್ಕದಲ್ಲಿ ಕೂತು, "ನೀನು ಹೇಳಿಬಿಟ್ಟೆ. ಅವರ್ಯಾಕೆ ಹೇಳಲ್ಲ?" ಎಂದು ಕೇಳಿದಳು. ಆ ಪ್ರಶ್ನೆಯನ್ನು ನಿಮಗೇ ಕಳಿಸುತ್ತಿದ್ದೇನೆ.

ಟೀಚರ ಹೇಳಿಕೆಯನ್ನು ದಾಖಲಿಸಿ. ನಿಮ್ಮ ವರದಿಯಲ್ಲಿರುವ 'ಕಳ್ಳತನಕ್ಕೆ ಯತ್ನ' ಎಂಬ ಸಾಲನ್ನು ಹೊಡೆದುಹಾಕಿ. ಆ ಅಧಿಕಾರಿಯ ಮೇಲೆ ಕೊಲೆ ಮೊಕದ್ದಮೆ ಹೂಡಿ, ಎಲ್ಲರೂ ಬಂದು ಕೂರಬಹುದಾದ ನ್ಯಾಯಾಲಯದಲ್ಲಿ ನಿಲ್ಲಿಸಿ. ಶಿಕ್ಷೆ ಎಷ್ಟೆಂಬುದನ್ನು ನ್ಯಾಯಾಧೀಶರು ನೋಡಿಕೊಳ್ಳಲಿ. ತಾವು ಮಾಡಿದ್ದನ್ನು ಆ ಅಧಿಕಾರಿ ಸ್ವಂತ ಬಾಯಿಂದಲೇ ಹೇಳಬೇಕು, ಅಮ್ಮ ಅದನ್ನು ಕಿವಿಯಾರೆ ಕೇಳಬೇಕು. ಬೇಗ ಮಾಡಿ. ಅಮ್ಮನಿಗೆ ಈಗ ಎಪ್ಪತ್ತೆಂಟು.

ಇಂತಿ,
ನಿಮ್ಮ ಕಡತದಲ್ಲಿ ಬರೀ 'ಮೃತನ ಸಂಬಂಧಿ' ಆಗಿ ಉಳಿದ
ಅವನ ಅಕ್ಕ