ಅಣ್ಣನ ರೆಕಾರ್ಡ್

೧೦ ಮಾರ್ಚ್ ೧೯೭೯, ಶನಿವಾರ. ಹುಮನಾಬಾದ್

ಸಂಜೆ ಪ್ರಾರ್ಥನೆಗೆಂದು ಮನೆಗೆ ಬಂದಿದ್ದ ನಮ್ಮ ಚರ್ಚಿನ ಸಭೆಯ ಹಿರಿಯರಾದ ಸಾಮುವೇಲಪ್ಪನವರಿಗೆ, ಅಣ್ಣ ಹೈದರಾಬಾದಿನಿಂದ ತಂದ ಯೇಸುವಿನ ಹಾಡುಗಳ ರಾಕ್ ರೆಕಾರ್ಡನ್ನು ನಾನೇ ಹಾಕಿ ಕೇಳಿಸಿದೆ. ಅಣ್ಣ ಡ್ಯೂಟಿಗೆ ಹೋಗಿದ್ದ. ಕೀಬೋರ್ಡ್ ಹುಚ್ಚು ಹಿಡಿದಂತೆ ಓಡಿತು, ಹಾಡುವವನು ಕೀರಲು ದನಿಯಲ್ಲಿ ಅರಚಿದ.

“ಮಾರ್ಥಾ, ಇದು ಸೈತಾನನ ಪದ ಅದ. ನಾಳೆ ನಿಮ್ಮಣ್ಣ ಸಭಾದಾಗ ಮೊಣಕಾಲೂರಿ ಮಾಫಿ ಕೇಳಬೇಕು,” ಎಂದು ಅವರು ರೆಕಾರ್ಡನ್ನು ಮುರಿದು ಹೋದರು.

ಆಮೇಲೆ ನೋಡಿದೆ. ಅಪ್ಪನ ಹಳೆಯ ಭಜನೆಯ ಪ್ಲೇಟುಗಳಿಗೆಂದು ರೆಕಾರ್ಡ್ ಪ್ಲೇಯರಿನ ವೇಗದ ಗುಂಡಿ ಎಪ್ಪತ್ತೆಂಟರಲ್ಲೇ ಇತ್ತು. ಈ ರೆಕಾರ್ಡಿಗೆ ಬೇಕಾದದ್ದು ಮೂವತ್ತಮೂರು. ಅಷ್ಟು ಜೋರಾಗಿ ಅದನ್ನು ಓಡಿಸಿದವಳು ನಾನೇ.

ಹೇಳಿದರೆ ನಾಳೆ ಮೊಣಕಾಲೂರುವವಳೂ ನಾನೇ.

ಗುಂಡಿಯನ್ನು ಮೂವತ್ತಮೂರಕ್ಕೆ ತಿರುಗಿಸಿಟ್ಟೆ. ಯಾರೂ ನೋಡಲಿಲ್ಲ. ಬಾಗಿಲಲ್ಲಿ ಅಣ್ಣನ ಸೈಕಲ್ಲಿನ ಸದ್ದು ಕೇಳುತ್ತಿದೆ.